ರೂಟರ್ ಕೊಳ್ಳುವ ಮೊದಲು ಗೋಡೆ ನೋಡಿ

ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ವೈಫೈ ರೂಟರ್ ಡಬ್ಬಗಳ ಮೇಲೆ ಎದ್ದು ಕಾಣುವುದು ಅಂಕಿ. ಎಎಕ್ಸ್1500, ಎಎಕ್ಸ್3000, ಎಎಕ್ಸ್5400. ಮಾರುವವರೂ ಅದನ್ನೇ ತೋರಿಸಿ ದೊಡ್ಡದು ಕೊಡಲೋ, ಚಿಕ್ಕದು ಸಾಕೋ ಎಂದು ಕೇಳುತ್ತಾರೆ. ಮನೆಯಲ್ಲಿ ನೆಟ್ ಕೈಕೊಡುವ ಕಾರಣಗಳು ಬೇರೆ. ಅಡ್ಡ ಬರುವ ಗೋಡೆ, ಹೋಗಿ ಬರುವ ಕರೆಂಟು, ಬಿಸಿ, ಅಪ್‌ಡೇಟ್ ಕಾಣದ ಸಾಫ್ಟ್‌ವೇರ್, ಅಡಾಪ್ಟರ್ ಹೀಗೆ. ಇವುಗಳನ್ನು ಮೊದಲು ನೋಡಿ, ಡಬ್ಬದ ಅಂಕಿಯನ್ನು ಕೊನೆಗೆ ನೋಡುವವರಿಗೆ ಒಳ್ಳೆಯ ರೂಟರ್ ಸಿಗುತ್ತದೆ, ಎಷ್ಟೋ ಸಲ ಕಡಿಮೆ ದುಡ್ಡಿಗೇ ಸಿಗುತ್ತದೆ.

ಆದರೂ ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಅನುಕೂಲ. ಎಎಕ್ಸ್3000 ಎಂದರೆ 2.4 ಗಿಗಾಹರ್ಟ್ಸ್ ಬ್ಯಾಂಡಿನ 574 ಎಂಬಿಪಿಎಸ್ ಮತ್ತು 5 ಗಿಗಾಹರ್ಟ್ಸ್ ಬ್ಯಾಂಡಿನ 2402 ಎಂಬಿಪಿಎಸ್ ಎರಡನ್ನೂ ಕೂಡಿಸಿ, ದುಂಡು ಸಂಖ್ಯೆ ಮಾಡಿದ್ದು. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಿಗೆ ಸೇರಿಕೊಳ್ಳುತ್ತದೆ. ಅಲ್ಲದೆ 2402 ಸಿಗಬೇಕಾದರೆ ಫೋನಿಗೂ 160 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸುವ ಶಕ್ತಿ ಬೇಕು. ಬಹಳಷ್ಟು ಫೋನುಗಳು 80ಕ್ಕೇ ನಿಲ್ಲುತ್ತವೆ, ಅಂದರೆ 1201. ಅದೂ ಗಾಳಿಯಲ್ಲಿನ ಲೆಕ್ಕ. ವೈಫೈನಲ್ಲಿ ಒಂದು ಚಾನೆಲ್ಲಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಾದ್ದರಿಂದ, ರೂಟರ್ ಇರುವ ಕೋಣೆಯಲ್ಲೇ ಕೂತರೂ ಕೈಗೆ ಸಿಗುವುದು ಇದರ ಅರ್ಧಕ್ಕಿಂತ ತುಸು ಹೆಚ್ಚು. ಮನೆಗೆ ಬರುವ ಪ್ಲಾನು 100 ಎಂಬಿಪಿಎಸ್‌ನದಾದರೆ ಎಎಕ್ಸ್1500 ಕೂಡ ಅದನ್ನು ಆರಾಮವಾಗಿ ದಾಟಿಸುತ್ತದೆ. ಎಎಕ್ಸ್5400 ತಂದರೆ ಅದೇ 100 ಬರುತ್ತದೆ.

ಈಗ ಮನೆಗೆ ಬನ್ನಿ. ರೇಡಿಯೊ ಅಲೆ ಗೋಡೆ ದಾಟುವಾಗ ಸೊರಗುತ್ತದೆ, 5 ಗಿಗಾಹರ್ಟ್ಸಿನ ಅಲೆ 2.4ಕ್ಕಿಂತ ಹೆಚ್ಚು ಸೊರಗುತ್ತದೆ. ಬೆಂಗಳೂರಿನ 30×40 ಸೈಟಿನಲ್ಲಿ ಕಟ್ಟಿದ ಮನೆಯ ಒಳಗೋಡೆಗಳು ತೆಳ್ಳಗಿದ್ದರೂ ಮಹಡಿಯ ಆರ್‌ಸಿಸಿ ಸ್ಲ್ಯಾಬಿನೊಳಗೆ ಕಬ್ಬಿಣದ ಸರಳುಗಳ ಜಾಲ ಇರುತ್ತದೆ. ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ ಗೋಡೆಯೇ ದಪ್ಪ, ಮಳೆಗಾಲದಲ್ಲಿ ತೇವ ಹಿಡಿದ ಕಲ್ಲು ಇನ್ನಷ್ಟು ಅಲೆ ಹೀರುತ್ತದೆ. ಉತ್ತರ ಕರ್ನಾಟಕದ ಹಳೆಯ ಕಲ್ಲು-ಮಣ್ಣಿನ ಮನೆಗಳ ಗೋಡೆಯಂತೂ ಇನ್ನೂ ದಪ್ಪ. ಅಂಥ ಎರಡು ಗೋಡೆಗಳಾಚೆ 5 ಗಿಗಾಹರ್ಟ್ಸ್ ತಲುಪಿಸುವ ಒಂಟಿ ರೂಟರನ್ನು ಹುಡುಕುತ್ತ ಹೋಗುವುದು ದುಡ್ಡು ಹಾಳು. ಗೋಡೆಯಲ್ಲದೆ ಸ್ಟೀಲ್ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರಿನ ಡ್ರಮ್ಮು ಇವೂ ಅಲೆಗೆ ಅಡ್ಡಿಯೇ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಈಗಿರುವ ವೈಫೈಯನ್ನೇ ಅಳೆಯಿರಿ. ಆಂಡ್ರಾಯ್ಡ್ ಫೋನಿನಲ್ಲಿ ಸಿಗ್ನಲ್ ತೋರಿಸುವ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಐಫೋನಿನಲ್ಲಿ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಆ್ಯಪ್ ಹಾಕಿಕೊಂಡು, ಫೋನಿನ ಸೆಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರನ್ನು ಆನ್ ಮಾಡಬೇಕು. ತೋರುವ ಅಳತೆ ಡಿಬಿಎಂನಲ್ಲಿರುತ್ತದೆ, ಮೈನಸ್ ಸಂಖ್ಯೆ. ರೂಟರಿನ ಹತ್ತಿರ ಮೈನಸ್ 40 ಇದ್ದದ್ದು ದೂರ ಹೋದಂತೆ ಮೈನಸ್ 60, ಮೈನಸ್ 75 ಎಂದು ಇಳಿಯುತ್ತದೆ. 3 ಡಿಬಿ ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತರಲ್ಲೊಂದು ಪಾಲು ಉಳಿಯಿತು. ವಿಡಿಯೊ ಕಾಲ್ ತೊಂದರೆಯಿಲ್ಲದೆ ನಡೆಯಲು ಮೈನಸ್ 67ರ ಆಸುಪಾಸು ಬೇಕು. ಮೈನಸ್ 80ರಲ್ಲಿ ಫೋನು ವೈಫೈ ಗುರುತು ತೋರಿಸುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ.

ಒಂದು ಹಾಳೆಯಲ್ಲಿ ಮನೆಯ ನಕ್ಷೆಯನ್ನು ಒರಟಾಗಿ ಗೀಚಿ, ಪ್ರತಿ ಕೋಣೆಯಲ್ಲಿ ನಿಂತು ಆ ಸಂಖ್ಯೆ ಬರೆಯಿರಿ. ಹಾಲ್ ಮೈನಸ್ 45, ಅಡುಗೆಮನೆ 62, ಮೇಲಿನ ಕೋಣೆ 79 ಎಂದು ಬರೆದದ್ದು ಕಣ್ಣೆದುರು ಬಂದಾಗ ತೊಂದರೆ ರೂಟರಿನದೋ ಜಾಗದ್ದೋ ಎಂಬುದು ತಾನಾಗಿ ತಿಳಿಯುತ್ತದೆ. ಫೈಬರ್ ಎಳೆಯಲು ಬಂದವರು ತಮಗೆ ಸುಲಭವಾದ ಜಾಗದಲ್ಲಿ, ಸಾಮಾನ್ಯವಾಗಿ ಮುಂಬಾಗಿಲ ಪಕ್ಕದ ಮೂಲೆಯಲ್ಲಿ, ಡಬ್ಬವನ್ನು ಮೊಳೆ ಹೊಡೆದು ಕೂರಿಸಿ ಹೋಗಿರುತ್ತಾರೆ. ಅರ್ಧ ಸಿಗ್ನಲ್ ರಸ್ತೆಗೆ ಹೋಗುತ್ತಿರುತ್ತದೆ. ಅದನ್ನು ಮನೆಯ ನಡುವಿನ ಗೋಡೆಗೆ, ಎದೆಮಟ್ಟಕ್ಕಿಂತ ಮೇಲೆ ಸರಿಸಿದರೆ ಹೊಸ ರೂಟರೇ ಬೇಡವಾಗಬಹುದು. ಟಿವಿಯ ಹಿಂದೆ, ಶೋಕೇಸಿನ ಒಳಗೆ ಮುಚ್ಚಿಡಬೇಡಿ.

ಆಂಟೆನಾ ಬಗ್ಗೆಯೂ ಒಂದು ಮಾತು. ಕಡ್ಡಿಯಂಥ ಆಂಟೆನಾ ತನ್ನ ಸುತ್ತಲೂ ಅಲೆ ಹರಡುತ್ತದೆ, ತುದಿಯ ದಿಕ್ಕಿಗೆ ಬಹಳ ಕಡಿಮೆ. ನೆಟ್ಟಗೆ ನಿಲ್ಲಿಸಿದರೆ ಅದೇ ಅಂತಸ್ತಿಗೆ ಒಳ್ಳೆಯದು. ಮೇಲಿನ ಮಹಡಿಗೂ ಬೇಕಾದರೆ ಒಂದನ್ನು ಅಡ್ಡ ಮಲಗಿಸಿ ನೋಡಿ. ಆರು ಆಂಟೆನಾ ಇದ್ದರೆ ಮೂರು ಪಟ್ಟು ದೂರ ಹೋಗುತ್ತದೆ ಎಂಬುದು ಸುಳ್ಳು ಲೆಕ್ಕ. ಹೊರಡಿಸಬಹುದಾದ ಶಕ್ತಿಗೆ ಸರ್ಕಾರದ ಮಿತಿ ಇದೆ, ಮೇಲಾಗಿ ರೂಟರ್ ಎಷ್ಟೇ ಜೋರಾಗಿ ಕೂಗಿದರೂ ಫೋನು ತಿರುಗಿ ಉತ್ತರಿಸಬೇಕಲ್ಲ. ಫೋನಿನ ಶಕ್ತಿ ಚಿಕ್ಕದು.

2.4 ಗಿಗಾಹರ್ಟ್ಸ್ ಬ್ಯಾಂಡಿನ ಒಟ್ಟು ಅಗಲ 83.5 ಮೆಗಾಹರ್ಟ್ಸ್. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅದರಲ್ಲಿ ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳ ರೂಟರುಗಳೆಲ್ಲ ಈ ಮೂರರಲ್ಲೇ ಕಿಕ್ಕಿರಿದಿರುತ್ತವೆ; ಸಂತೆಯ ನಡುವೆ ನಿಂತು ಪಿಸುಮಾತಾಡಿದ ಹಾಗಿರುತ್ತದೆ ಅಲ್ಲಿಯ ವೈಫೈ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಇದೇ ಬ್ಯಾಂಡಿನಲ್ಲಿ. 5 ಗಿಗಾಹರ್ಟ್ಸಿನಲ್ಲಿ ಜಾಗ ಧಾರಾಳ: 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ 605 ಮೆಗಾಹರ್ಟ್ಸ್ ಅಗಲವನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಹೀಗಾಗಿ ಇವತ್ತು ಎರಡೂ ಬ್ಯಾಂಡ್ ಇಲ್ಲದ ರೂಟರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಅಪಾರ್ಟ್‌ಮೆಂಟಿನಲ್ಲಿ 2.4ರ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸಿಗೆ ಇಳಿಸಿಡಿ. ತೋಟದ ನಡುವಿನ ಒಂಟಿ ಮನೆಯವರಿಗೆ ಈ ತಾಪತ್ರಯವಿಲ್ಲ, 2.4 ಅಲ್ಲಿ ಅಂಗಳದವರೆಗೂ ಚೆನ್ನಾಗಿ ಓಡುತ್ತದೆ.

ವೈಫೈ 5, 6, 7ರಲ್ಲಿ ಯಾವುದು? ವೈಫೈ 6, ಅಂದರೆ ಡಬ್ಬದ ಮೇಲೆ ಎಎಕ್ಸ್ ಎಂದಿರುವುದು, ತೆಗೆದುಕೊಳ್ಳಿ. ವೈಫೈ 5ರ ಸುಧಾರಣೆಗಳೆಲ್ಲ 5 ಗಿಗಾಹರ್ಟ್ಸಿಗೆ ಮಾತ್ರ, ಅಂಥ ರೂಟರಿನ 2.4 ಬ್ಯಾಂಡು 2009ರ ತಂತ್ರದಲ್ಲೇ ಉಳಿದಿದೆ. 2019ರಿಂದ ಪ್ರಮಾಣಪತ್ರ ಪಡೆದು ಬಂದ ವೈಫೈ 6 ಎರಡೂ ಬ್ಯಾಂಡನ್ನು ಸರಿಪಡಿಸಿತು, ಹತ್ತಾರು ಉಪಕರಣಗಳು ಒಟ್ಟಿಗೆ ಇರುವ ಮನೆಯಲ್ಲಿ ಸರದಿ ಹಂಚುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. 2024ರ ಜನವರಿಯಲ್ಲಿ ಪ್ರಮಾಣಪತ್ರ ಶುರುವಾದ ವೈಫೈ 7ರ ದೊಡ್ಡ ಆಕರ್ಷಣೆ 320 ಮೆಗಾಹರ್ಟ್ಸ್ ಅಗಲದ ಚಾನೆಲ್. ಅದಕ್ಕೆ 6 ಗಿಗಾಹರ್ಟ್ಸ್ ಬ್ಯಾಂಡು ಬೇಕೇ ಬೇಕು. ನಮ್ಮಲ್ಲಿ ಆ ಬ್ಯಾಂಡಿನ ಕೆಳಗಿನ 500 ಮೆಗಾಹರ್ಟ್ಸನ್ನು ಮನೆಯೊಳಗಿನ ಬಳಕೆಗೆ ಬಿಡುವ ಕರಡು ನಿಯಮ ಹೊರಬಿದ್ದದ್ದು 2025ರ ಮೇನಲ್ಲಿ. ಅಂಗಡಿಯಲ್ಲಿ ವೈಫೈ 7 ಎಂದು ಕೊಡುವ ಡಬ್ಬ ಎರಡೇ ಬ್ಯಾಂಡಿನದಾದರೆ ಆ 320 ಅದರಲ್ಲಿ ಇರುವುದಿಲ್ಲ. ಡಬ್ಬ ತಿರುಗಿಸಿ ಓದಿ.

ಇನ್ನು ಕರೆಂಟಿನ ವಿಷಯ. ರೂಟರ್ ಹಾಳಾಯಿತು ಎಂದು ಎತ್ತಿಟ್ಟವುಗಳಲ್ಲಿ ಎಷ್ಟೋ ರೂಟರುಗಳು ಚೆನ್ನಾಗಿಯೇ ಇರುತ್ತವೆ, ಹಾಳಾಗಿರುವುದು ಅಡಾಪ್ಟರ್. ಅದರೊಳಗಿನ ಕೆಪಾಸಿಟರ್ ಒಣಗಿದಾಗ 12 ವೋಲ್ಟ್ ಕೊಡಬೇಕಾದ್ದು ಲೋಡ್ ಬಿದ್ದಾಗ ಕುಸಿಯುತ್ತದೆ. ಎಲ್ಲರೂ ಒಟ್ಟಿಗೆ ನೆಟ್ ಬಳಸುವ ಸಂಜೆ ಹೊತ್ತಿನಲ್ಲೇ ರೂಟರ್ ತಾನಾಗಿ ಆಫ್ ಆಗಿ ಆನ್ ಆಗುತ್ತದೆ. ಹೊಸ ಅಡಾಪ್ಟರ್ ತರುವಾಗ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಪಿನ್ನಿನ ಅಳತೆ ಮತ್ತು ಒಳಗೆ ಪ್ಲಸ್ಸೋ ಮೈನಸ್ಸೋ ಎಂಬ ಗುರುತು ಹೊಂದಬೇಕು. ಬಿಐಎಸ್ ನೋಂದಣಿ ಸಂಖ್ಯೆ ಮುದ್ರಿಸಿರುವುದನ್ನೇ ತನ್ನಿ. ರೂಟರಿನ ಜೊತೆ ಬಂದ ಅಡಾಪ್ಟರಿಗೂ ರೂಟರಿನಷ್ಟೇ ವಾರಂಟಿ ಇದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ.

ಇನ್ವರ್ಟರ್ ಇದ್ದರೂ ಕರೆಂಟು ಹೋದೊಡನೆ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಮೇಲಿನ ಚಿಕ್ಕ ಸ್ವಿಚ್ ನೋಡಿ. ಅದನ್ನು ಯುಪಿಎಸ್ ಮೋಡಿಗೆ ಹಾಕಿದರೆ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ರೂಟರಿಗೆ ಗೊತ್ತೇ ಆಗುವುದಿಲ್ಲ. ಇನ್ವರ್ಟರ್ ಇಲ್ಲದವರಿಗೆ ರೂಟರಿಗೆಂದೇ ಬರುವ ಮಿನಿ ಯುಪಿಎಸ್ ಒಳ್ಳೆಯದು. ಅದರ ಮೇಲೆ ಬರೆದ ಎಂಎಎಚ್ ಸಂಖ್ಯೆ ಒಳಗಿನ 3.7 ವೋಲ್ಟಿನ ಸೆಲ್ಲುಗಳದ್ದು, 12 ವೋಲ್ಟಿನದಲ್ಲ. 8000 ಎಂಎಎಚ್ ಎಂದಿದ್ದರೆ 8 ಗುಣಿಸು 3.7, ಸುಮಾರು 30 ವಾಟ್-ಅವರ್. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ 25 ಉಳಿಯಿತು. ಫೈಬರ್ ಡಬ್ಬ, ರೂಟರ್ ಎರಡೂ ಸೇರಿ 12 ವಾಟ್ ಎಳೆದರೆ ಎರಡು ಗಂಟೆ ನಡೆಯುತ್ತದೆ. ಎರಡಕ್ಕೂ ಬ್ಯಾಕಪ್ ಕೊಡಬೇಕು ಎಂಬುದನ್ನು ಮರೆಯಬೇಡಿ, ರೂಟರ್ ಒಂದೇ ಉರಿಯುತ್ತಿದ್ದರೆ ಪ್ರಯೋಜನವಿಲ್ಲ. ಫೈಬರ್ ಜಾಲದ ಒಂದು ಸೊಗಸು ಇಲ್ಲಿದೆ: ಬೀದಿಯಲ್ಲಿ ಬೆಳಕನ್ನು ಮನೆಮನೆಗೆ ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಕಿಲ್ಲ. ಕೇಬಲ್‌ನವರ ಕಚೇರಿಯ ಯಂತ್ರಕ್ಕೆ ಬ್ಯಾಟರಿ ಇದ್ದು, ನಿಮ್ಮ ಮನೆಯ ಡಬ್ಬಕ್ಕೂ ಇದ್ದರೆ, ಊರೆಲ್ಲ ಕತ್ತಲಾದಾಗಲೂ ನೆಟ್ ಇರುತ್ತದೆ.

ಮಲೆನಾಡು, ಕರಾವಳಿಯವರು ಗುಡುಗು ಕೇಳಿದೊಡನೆ ಪಿನ್ ತೆಗೆಯುವ ಅಭ್ಯಾಸವನ್ನು ಫೈಬರ್ ಬಂತೆಂದು ಬಿಡಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ಮಿಂಚು ಹರಿಯುವುದಿಲ್ಲ ನಿಜ, ಆದರೆ ಕರೆಂಟಿನ ತಂತಿಯಲ್ಲಿ ಬರುತ್ತದೆ. ಕಂಬದಿಂದ ಎಳೆದ ಫೈಬರ್ ಕೇಬಲ್ಲಿಗೆ ಬಲ ಕೊಡಲು ಜೊತೆಗೊಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಹೊರಗೋಡೆಯ ಕೊಕ್ಕೆಗೇ ಕಟ್ಟಿ, ಒಳಗೆ ಎಳೆ ಮಾತ್ರ ತರಬೇಕು. ಮನೆಯಿಂದ ಕೊಟ್ಟಿಗೆಗೋ ಔಟ್‌ಹೌಸಿಗೋ ಹೊರಗಿನಿಂದ ತಾಮ್ರದ ಲ್ಯಾನ್ ಕೇಬಲ್ ಎಳೆದರೆ ಸಿಡಿಲಿನ ಹೊತ್ತಿಗೆ ಎರಡೂ ಕಡೆಯ ಪೋರ್ಟ್ ಸುಡುತ್ತವೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಸಿ.

ಬಿಸಿಯೂ ಸಣ್ಣ ವಿಷಯವಲ್ಲ. ಮನೆಬಳಕೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿ ವಾತಾವರಣದವರೆಗೆ ಎಂದು ರೂಪಿಸಿರುತ್ತಾರೆ. ಕಲಬುರಗಿ, ರಾಯಚೂರಿನ ಬೇಸಿಗೆ ಅದನ್ನು ದಾಟುತ್ತದೆ. 10 ಡಿಗ್ರಿ ಬಿಸಿ ಏರಿದರೆ ಕೆಪಾಸಿಟರಿನ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರ ಹಳೆಯ ಲೆಕ್ಕ. ಗಾಳಿಕಿಂಡಿ ಧಾರಾಳವಾಗಿರುವ ಮಾದರಿ ಆರಿಸಿ, ಸೆಟ್‌ಟಾಪ್ ಬಾಕ್ಸಿನ ತಲೆಯ ಮೇಲೆ ಇಡಬೇಡಿ.

ಪೋರ್ಟುಗಳೆಲ್ಲ ಗಿಗಾಬಿಟ್ ಇವೆಯೇ ಎಂದು ವಿವರಪಟ್ಟಿಯಲ್ಲಿ ನೋಡಿ. ಅಗ್ಗದ ಎಸಿ1200 (ವೈಫೈ 5) ರೂಟರುಗಳಲ್ಲಿ ಹಲವು 100 ಎಂಬಿಪಿಎಸ್ ಪೋರ್ಟಿನವು. ಗಾಳಿಯಲ್ಲಿ 867 ಎಂದು ಬರೆದರೂ ಒಳಗೆ ಬರುವ ಬಾಗಿಲೇ 100ರದ್ದು. 200 ಎಂಬಿಪಿಎಸ್ ಪ್ಲಾನ್ ಹಾಕಿಸಿಯೂ ಸ್ಪೀಡ್ ಟೆಸ್ಟಿನಲ್ಲಿ 94–95ಕ್ಕೇ ನಿಂತುಬಿಡುತ್ತಿದ್ದರೆ ಪೋರ್ಟ್ ಅಥವಾ ಲ್ಯಾನ್ ಕೇಬಲ್ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ಕೇಬಲ್ಲಿನ ಎಂಟು ಎಳೆಗಳಲ್ಲಿ ಒಂದು ಕಡಿದರೂ ಗಿಗಾಬಿಟ್ ಹೋಗಿ 100ಕ್ಕೆ ಇಳಿಯಬಹುದು.

ಕೊಳ್ಳುವವರು ಕೇಳದೇ ಬಿಡುವ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಈ ಮಾದರಿಗೆ ಕಂಪನಿ ಇನ್ನೂ ಎಷ್ಟು ವರ್ಷ ಫರ್ಮ್‌ವೇರ್, ಅಂದರೆ ರೂಟರಿನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಕೊಡುತ್ತದೆ? ರೂಟರ್ ಎಂದರೆ ಹಗಲು ರಾತ್ರಿ ಇಂಟರ್ನೆಟ್ಟಿಗೆ ಮುಖ ಮಾಡಿ ಕೂತ ಪುಟ್ಟ ಕಂಪ್ಯೂಟರ್. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಫ್ಯಾಕ್ಟರಿಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರುಗಳನ್ನೆಲ್ಲ ವಶ ಮಾಡಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಬೀಳಿಸಿತು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬುದು 5 ಲಕ್ಷಕ್ಕೂ ಹೆಚ್ಚು ರೂಟರು ಮತ್ತು ಸಂಗ್ರಹ ಸಾಧನಗಳಿಗೆ ಹೊಕ್ಕಿತ್ತು, ರೂಟರುಗಳನ್ನು ಆಫ್ ಮಾಡಿ ಆನ್ ಮಾಡಿ ಎಂದು ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಳ್ಳಬೇಕಾಯಿತು. ಪಾಸ್‌ವರ್ಡ್ ಬದಲಿಸುವುದು ನಿಮ್ಮ ಕೈಯಲ್ಲಿದೆ, ಸಾಫ್ಟ್‌ವೇರಿನ ತೂತುಗಳನ್ನು ಮುಚ್ಚುವುದು ಅಪ್‌ಡೇಟ್ ಮಾತ್ರ.

ಕಂಡುಹಿಡಿಯುವುದು ಸುಲಭ. ಕಂಪನಿಯ ವೆಬ್‌ಸೈಟಿನ ಸಪೋರ್ಟ್ ಪುಟದಲ್ಲಿ ಮಾದರಿಯ ಹೆಸರು ಹಾಕಿ, ಕೊನೆಯ ಫರ್ಮ್‌ವೇರ್ ಯಾವ ತಾರೀಖಿನದು ನೋಡಿ. ಎರಡು ವರ್ಷದಿಂದ ಏನೂ ಬಂದಿಲ್ಲವಾದರೆ ಆ ಮಾದರಿ ಬೇಡ. ಇಲ್ಲಿ ಎಚ್ಚರ ವಹಿಸಬೇಕಾದ ಜಾಗವೊಂದಿದೆ. ರೂಟರನ್ನು ತಲೆಕೆಳಗೆ ಮಾಡಿದರೆ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ವರ್ಷನ್ ಸಂಖ್ಯೆ ಇರುತ್ತದೆ. ಒಂದೇ ಹೆಸರಿನ ರೂಟರಿನ ವರ್ಷನ್ 2 ಮತ್ತು ವರ್ಷನ್ 4ರ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ಒಂದಕ್ಕೆ ಅಪ್‌ಡೇಟ್ ನಿಂತು ಇನ್ನೊಂದಕ್ಕೆ ನಡೆಯುತ್ತಿರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಆ ಚೀಟಿಯ ಫೋಟೊ ಮೊದಲು ತರಿಸಿಕೊಳ್ಳಿ. ತಂತಾನೇ ಅಪ್‌ಡೇಟ್ ಆಗುವ ಸೌಲಭ್ಯ ಇದ್ದರೆ ಅದಕ್ಕೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಡಬ್ಲ್ಯುಪಿಎ3 ಭದ್ರತೆ ಇರಲಿ. ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಡಬ್ಲ್ಯುಪಿಎಸ್ ಪಿನ್ ಆಫ್ ಮಾಡಿ, ಸಿಸಿಟಿವಿ ಮತ್ತು ಸ್ಮಾರ್ಟ್ ಬಲ್ಬುಗಳನ್ನು ಗೆಸ್ಟ್ ನೆಟ್‌ವರ್ಕಿಗೆ ಹಾಕಿ. ಆಸಕ್ತಿ ಇರುವವರು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಿಡಿಯುವ ಮಾದರಿ ಹುಡುಕಬಹುದು. ಕಂಪನಿ ಕೈಬಿಟ್ಟ ಮೇಲೂ ಅಂಥ ರೂಟರ್ ವರ್ಷಗಟ್ಟಲೆ ಬಾಳುತ್ತದೆ.

ಮನೆಯಲ್ಲಿ ಒಬ್ಬರು ಮದುವೆ ಫೋಟೊಗಳನ್ನು ಕ್ಲೌಡಿಗೆ ಹಾಕಲು ಶುರುಮಾಡಿದ ಕೂಡಲೇ ಇನ್ನೊಬ್ಬರ ಆಫೀಸ್ ಮೀಟಿಂಗು ತಡವರಿಸುತ್ತದೆ, ಸ್ಪೀಡ್ ಟೆಸ್ಟಿನಲ್ಲಿ ಮಾತ್ರ ಎಲ್ಲ ಸರಿ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಹೊರಗೆ ಹೋಗುವ ದಾರಿ ತುಂಬಿದಾಗ ರೂಟರ್ ಮಾಹಿತಿಯ ತುಣುಕುಗಳನ್ನು ಬಿಸಾಡದೆ ತನ್ನ ಮೆಮೊರಿಯಲ್ಲಿ ಒಟ್ಟುತ್ತ ಹೋಗುತ್ತದೆ. ಮೀಟಿಂಗಿನ ಧ್ವನಿಯ ಪುಟ್ಟ ತುಣುಕು ಫೋಟೊಗಳ ಉದ್ದ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ. ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಪಿಂಗ್ (ಕಳಿಸಿದ ತುಣುಕಿಗೆ ಉತ್ತರ ಬರುವ ಸಮಯ ಅಳೆಯುವ ಆಜ್ಞೆ) ಹಚ್ಚಿ, ಫೋನಿನಿಂದ ಒಂದು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿ. 10 ಮಿಲಿಸೆಕೆಂಡ್ ಇದ್ದ ಪಿಂಗ್ 300, 400ಕ್ಕೆ ಹಾರಿದರೆ ರೋಗ ಇದೇ. ಎಸ್‌ಕ್ಯೂಎಂ ಎಂಬ ಸೌಲಭ್ಯ, ಅಥವಾ ಒಳ್ಳೆಯ ಕ್ಯೂಒಎಸ್, ಇರುವ ರೂಟರಿನಲ್ಲಿ ಮಿತಿಯನ್ನು ಪ್ಲಾನಿನ ಶೇ 90ಕ್ಕೆ ಕಟ್ಟಿದರೆ ಈ ಸಾಲು ಬೆಳೆಯುವುದಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಎಎಕ್ಸ್3000ದಿಂದ 5400ಕ್ಕೆ ಏರುವುದಕ್ಕಿಂತ ಇದರಿಂದ ಹೆಚ್ಚು ನೆಮ್ಮದಿ.

ಫೈಬರ್ ಕೊಟ್ಟವರ ಡಬ್ಬದಲ್ಲೇ ವೈಫೈ ಇದ್ದರೆ? ಅದರಲ್ಲಿ ಎರಡೂ ಬ್ಯಾಂಡ್ ಇದ್ದು, ನಕ್ಷೆಯ ಸಂಖ್ಯೆಗಳು ಸರಿಯಿದ್ದರೆ ಸುಮ್ಮನಿರಿ. ನಿಮ್ಮದೇ ರೂಟರ್ ಬೇಕೆಂದರೆ ಸರಳ ದಾರಿ ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಜೋಡಿಸಿ, ಹಳೆಯ ಡಬ್ಬದ ವೈಫೈ ಆಫ್ ಮಾಡುವುದು. ಎಸ್‌ಕ್ಯೂಎಂ ಬೇಕಾದವರು ಡಬ್ಬವನ್ನು ಬ್ರಿಜ್ ಮೋಡಿಗೆ ಹಾಕಿಸಬೇಕು. ಆಗ ಲಾಗಿನ್ ಮಾಡುವ ಕೆಲಸ ನಿಮ್ಮ ರೂಟರಿನದು, ಅದಕ್ಕೆ ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಕೇಬಲ್‌ನವರಿಂದ ಬರೆಸಿಕೊಳ್ಳಿ.

ಎರಡಂತಸ್ತಿನ ಮನೆಗೆ ಒಂದು ದುಬಾರಿ ರೂಟರಿಗಿಂತ ಎರಡು ಸಾಧಾರಣ ರೂಟರು ಮೇಲು. ಮೆಶ್ ಎಂದು ಮಾರುವ ಜೋಡಿ ಅನುಕೂಲದ್ದೇ, ಆದರೆ ಎರಡನೆಯದು ಗಾಳಿಯಲ್ಲೇ ಮೊದಲನೆಯದರ ಜೊತೆ ಮಾತಾಡಿ, ಅದೇ ಬ್ಯಾಂಡಿನಲ್ಲಿ ನಿಮಗೂ ಕೊಡಬೇಕಾದಾಗ ವೇಗ ಅರ್ಧಕ್ಕಿಳಿಯುತ್ತದೆ. ಆ ಎರಡನೆಯದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡುವುದು ಸಾಮಾನ್ಯ ತಪ್ಪು. ಮೈನಸ್ 60–65 ಇರುವ ನಡುದಾರಿಯಲ್ಲಿ ಇಡಿ. ಎರಡರ ನಡುವೆ ಲ್ಯಾನ್ ಕೇಬಲ್ ಎಳೆಯಲಾದರೆ ಈ ಚಿಂತೆಯೇ ಇಲ್ಲ. ಮನೆ ಕಟ್ಟಿಸುತ್ತಿರುವವರು ಎಲೆಕ್ಟ್ರಿಷಿಯನ್ ಪೈಪು ಹಾಕುವ ದಿನ ಹಾಲಿನಿಂದ ಪ್ರತಿ ಮಹಡಿಗೆ ಒಂದು ಬೇರೆ ಪೈಪನ್ನು, ಕರೆಂಟಿನ ತಂತಿಯ ಪೈಪಿಗೆ ಸೇರಿಸದೆ, ಹಾಕಿಸಿಬಿಡಿ. ಕೇಬಲ್ ಕ್ಯಾಟ್6 ಇರಲಿ, ಪೂರ್ತಿ ತಾಮ್ರದ್ದೇ ಇರಲಿ. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ಕೇಬಲ್ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ, ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ತಂದ ಮೇಲೆ ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮುಗಿಸಿ. ಹಳೆಯ ನಕ್ಷೆಯ ಅದೇ ಜಾಗಗಳಲ್ಲಿ ನಿಂತು ಹೊಸ ಸಂಖ್ಯೆ ಬರೆಯಿರಿ. ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಒಂದು ಇಡೀ ರಾತ್ರಿ ಪಿಂಗ್ ಓಡಲು ಬಿಟ್ಟು ಬೆಳಿಗ್ಗೆ ಎಷ್ಟು ತಪ್ಪಿದೆ ನೋಡಿ. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗ, ಯಾರೂ ಮುಟ್ಟದೆ, ತಾನಾಗಿ ನೆಟ್ ಹಿಡಿಯುತ್ತದೆಯೇ ಎಂಬುದನ್ನಂತೂ ನೋಡಲೇಬೇಕು. ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ಕೊಡಿಸುವವರಿಗೆ ಇದು ಎಲ್ಲಕ್ಕಿಂತ ಮೇಲಿನ ಗುಣ. ಹಳೆಯ ರೂಟರನ್ನು ಯಾರಿಗಾದರೂ ಕೊಡುವುದಿದ್ದರೆ ಹಿಂಬದಿಯ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಇಲ್ಲವಾದರೆ ನಿಮ್ಮ ವೈಫೈ ಪಾಸ್‌ವರ್ಡು, ಕನೆಕ್ಷನ್ನಿನ ಹೆಸರು ಎಲ್ಲ ಅದರಲ್ಲೇ ಉಳಿದು ಇನ್ನೊಬ್ಬರ ಮನೆ ಸೇರುತ್ತವೆ.